ನೆಟ್ಟಗೆ ನಿಂತ ಮುಳ್ಳು

ವಿಝೆವು
26 ಏಪ್ರಿಲ್ 1993

ಅಪ್ಪಾ,

ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಕೊನೆಯ ಪುಟಕ್ಕೆ ಹಾರುತ್ತೀರಿ. ಐದನೆಯ ಸ್ಥಾನ. ಹೋದ ವರ್ಷ ಇದೇ ಸಾಂತಾ ಕಾಂಬಾ ಗುಡ್ಡದ ಕಾರ್ ರೇಸಿನಲ್ಲಿ ಎರಡನೆಯವಳಾಗಿದ್ದೆ. ಆಗ ನೀವು ಶೆಡ್ಡಿನ ಬಾಗಿಲಲ್ಲಿ ನಿಂತು ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಹೇಳಿದ್ದಿರಂತೆ. ಈ ಸಲ ಬಾಗಿಲು ಹಾಕಿಕೊಳ್ಳಿ.

"ಫೋನಲ್ಲಿ ಅರ್ಧ ಮರೀತೀಯ, ಕಾಗದದಲ್ಲಿ ಬರಿ" ಎಂಬುದು ನಿಮ್ಮ ಕಟ್ಟಪ್ಪಣೆ. ಹಾಗಾಗಿ ಒಂದೊಂದಾಗಿ ಬರೆಯುತ್ತೇನೆ. ಬ್ರೇಕು ಸರಿ. ಗೇರು ಸರಿ, ಎರಡರಿಂದ ಮೂರಕ್ಕೆ ಹಾಕುವಾಗ ಮಾತ್ರ ಒಮ್ಮೊಮ್ಮೆ ಮುನಿಸು. ಸರಿಯಿಲ್ಲದ್ದು ಆಯಿಲ್ ಶಾಖದ ಮುಳ್ಳು.

ನನಗೆ ಹತ್ತೊಂಬತ್ತು ತುಂಬಿದಾಗ ನೀವು ಈ ಕಾರಿನ ಮೀಟರುಗಳನ್ನೆಲ್ಲ ಬಿಚ್ಚಿ, ತಿರುಗಿಸಿ ಕೂರಿಸಿದಿರಿ. ಎಲ್ಲ ಸರಿಯಿದ್ದರೆ ಎಲ್ಲ ಮುಳ್ಳುಗಳೂ ನೆಟ್ಟಗೆ ಮೇಲೆ ನೋಡಬೇಕು. ಅಂಕಿಗಳಿಗೆ ಕಪ್ಪು ಬಣ್ಣ ಬಳಿದಿರಿ. "ಅಂಕಿ ಓದ್ತಾ ಕೂತ್ರೆ ಗೋಡೆಗೆ ಹೋಗ್ತೀಯ. ನೆಟ್ಟಗಿದ್ರೆ ರಸ್ತೆ ನೋಡು, ವಾಲಿದ್ರೆ ಕಾಲೆತ್ತು" ಎಂದಿರಿ. ಹನ್ನೆರಡು ವರ್ಷದಿಂದ ಅಷ್ಟೇ ಮಾಡಿದ್ದೇನೆ. ಈ ಸಲ ಕೊನೆಯ ಏಳು ತಿರುವು ಬಾಕಿ ಇರುವಾಗಲೇ ಶಾಖದ ಮುಳ್ಳು ಬಲಕ್ಕೆ, ಗಡಿಯಾರದ ಒಂದು ಗಂಟೆಯವರೆಗೆ ವಾಲಿತು. ಆಕ್ಸಿಲರೇಟರಿನಿಂದ ಕಾಲೆತ್ತಿದೆ. ಐದನೆಯವಳಾದೆ.

ಕೆಳಗೆ ಬಂದ ಮೇಲೆ ಸಿಲ್ವೇರಿಯೊ ಆಯಿಲ್ ಕಡ್ಡಿ ಎಳೆದು, ಬೆರಳಿಗೆ ಸವರಿ, ಮೂಸಿ ನೋಡಿದ. "ಇದು ಅರವತ್ತರ ದಪ್ಪ ಆಯಿಲ್ ಕಣೇ. ಹೋದ ವರ್ಷ ನಲವತ್ತರ ತೆಳು ಆಯಿಲ್ ಇತ್ತು. ಮೇಸ್ತ್ರಿ ಯಾವಾಗ ಬದಲಾಯಿಸಿದ್ರು?" ಎಂದ. ನನಗೇನು ಗೊತ್ತು? ನನ್ನ ಅಪ್ಪ ನನಗೆ ಹೇಳಲಿಲ್ಲವಲ್ಲ.

ಇನ್ನೊಂದು ಸುದ್ದಿ. ಪಾದ್ರಿಗಳು ನಮ್ಮ ಮದುವೆಗೆ ಸೆಪ್ಟೆಂಬರ್ 18 ಎಂದು ಗೊತ್ತುಮಾಡಿದ್ದಾರೆ. ಸಿಲ್ವೇರಿಯೊ ನಿಮ್ಮ ಶೆಡ್ಡು ಬಿಟ್ಟು ಇಲ್ಲಿನ ಬಸ್ ಡಿಪೋ ಸೇರಿದ್ದಕ್ಕೆ ನಿಮಗಿನ್ನೂ ಸಿಟ್ಟಿದೆ ಎಂದು ಗೊತ್ತು. ಮದುವೆಯ ದಿನವಾದರೂ ಅದನ್ನು ಶೆಡ್ಡಿನಲ್ಲೇ ಬಿಟ್ಟು ಬನ್ನಿ.

ಐದನೆಯ ಸ್ಥಾನದ
ಒತೀಲಿಯಾ

*

ವಿಲಾ ದ ಫ್ರಾಗಾ
2 ಮೇ 1993

ಮಗಳೇ,

ಬಾಗಿಲು ಹಾಕಿಕೊಂಡೇ ಕೂತಿದ್ದೆ. ಆದರೂ ಕ್ಲಬ್ಬಿನ ಫಿರ್ಮಿನೊ ಕಿಟಕಿಯಿಂದ ತಲೆ ಹಾಕಿ "ಏನ್ ಬೆಲ್ಮೀರೊ, ಐದಂತೆ?" ಎಂದು ಹಲ್ಲುಕಿರಿದು ಹೋದ.

ಆಯಿಲ್ ಬದಲಾಯಿಸಿದ್ದು ನಾನೇ. ಯಾರನ್ನು ಕೇಳಿ ಬದಲಾಯಿಸಬೇಕಿತ್ತು? ಇಂಜಿನ್ನಿಗೂ ವಯಸ್ಸಾಗಿದೆ, ನನಗಾದ ಹಾಗೆ. ತೆಳು ಆಯಿಲ್ ಸಲೀಸಾಗಿ ಓಡಾಡುತ್ತದೆ, ಶಾಖವನ್ನು ಬೇಗ ಹೊತ್ತು ತರುತ್ತದೆ, ಅದಕ್ಕೇ ನಿನ್ನ ಮುಳ್ಳು ಹೋದ ವರ್ಷ ನೆಟ್ಟಗಿತ್ತು. ಆದರೆ ಕಾದಾಗ ಅದು ನೀರಾಗುತ್ತದೆ, ಹಳೆಯ ಬೇರಿಂಗಿನ ಸಂದಿನಿಂದ ಜಾರಿಹೋಗುತ್ತದೆ, ಒತ್ತಡ ಇಳಿಯುತ್ತದೆ. ದಪ್ಪ ಆಯಿಲ್ ಅಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ಕಚ್ಚಿ ನಿಂತದ್ದು ಉಜ್ಜುತ್ತದೆ, ಉಜ್ಜಿದ್ದು ಬಿಸಿಯಾಗುತ್ತದೆ. ಇಷ್ಟೇ ವಿಷಯ. ಮುಳ್ಳು ನೆಟ್ಟಗೆ ಅಂದರೆ ನೂರಹತ್ತು ಡಿಗ್ರಿ. ಒಂದು ಗಂಟೆ ಅಂದರೆ ನೂರಮೂವತ್ತು. ಈ ಆಯಿಲ್ ಕೈಕೊಡುವುದು ನೂರೈವತ್ತರ ಮೇಲೆ. ಒಂದು ಗಂಟೆಗೆ ವಾಲಿದರೆ ಹೆದರಬೇಡ, ಕಾಲೆತ್ತಬೇಡ.

ಚಳಿಗಾಲದಲ್ಲಿ ಇಂಜಿನ್ ಬಿಚ್ಚಿ ಬೇರಿಂಗುಗಳನ್ನೆಲ್ಲ ನೋಡಿಯೇ ಕೂಡಿಸಿದ್ದೇನೆ. ಡಿಪೋದಲ್ಲಿ ಬಸ್ಸು ರಿಪೇರಿ ಮಾಡುವವನಿಗೆ ಬೆರಳಿಗೆ ಸವರಿದ್ದಕ್ಕೇ ಎಲ್ಲ ತಿಳಿಯುವುದಾದರೆ ಸಂತೋಷ.

ಹದಿನೆಂಟಕ್ಕೆ ಕೋಟು ಹೊಲಿಸುತ್ತೇನೆ. ಹಳೆಯದು ಹೊಟ್ಟೆಗೆ ಬರುವುದಿಲ್ಲ.

ನಿನ್ನ ಅಪ್ಪ
ಬೆಲ್ಮೀರೊ

*

ವಿಝೆವು
17 ಮೇ 1993

ಅಪ್ಪಾ,

ಆರನೆಯ ಸ್ಥಾನ.

ನೀವು ಬರೆದದ್ದನ್ನು ಮೂರು ಸಲ ಓದಿಕೊಂಡು ಹೋಗಿದ್ದೆ. ಒಂದು ಗಂಟೆ ಅಂದರೆ ನೂರಮೂವತ್ತು, ಹೆದರಬೇಡ. ತಲೆಗೆ ಗೊತ್ತಿದೆ ಅಪ್ಪಾ, ಕಾಲಿಗೆ ಗೊತ್ತಿಲ್ಲ. ಹನ್ನೆರಡು ವರ್ಷ ವಾಲಿದ ಮುಳ್ಳು ಕಂಡರೆ ಎತ್ತು ಎಂದು ಹೇಳಿಸಿಕೊಂಡ ಕಾಲು ಒಂದು ಕಾಗದಕ್ಕೆ ಬದಲಾಗುತ್ತದೆಯೇ? ಪ್ರತಿ ತಿರುವಿನಲ್ಲೂ ಕಣ್ಣು ಅಲ್ಲಿಗೇ ಹೋಗುತ್ತದೆ. ಒಮ್ಮೆ ರಸ್ತೆಯಂಚಿನ ಕಲ್ಲಿಗೆ ಚಕ್ರ ತಾಗಿಸಿದೆ. ಈ ವರ್ಷ ಮೊದಲ ಮೂವರಲ್ಲಿ ಉಳಿಯದಿದ್ದರೆ ಮುಂದಿನ ವರ್ಷ ಓಡಿಸುವುದಿಲ್ಲ. ಮುಳ್ಳು ನೋಡಿಕೊಂಡು ಗುಡ್ಡ ಹತ್ತುವುದು ನನಗೆ ಬೇಡ.

ಸಿಲ್ವೇರಿಯೊ ಹೇಳುವುದನ್ನು ಅವನ ಬಾಯಲ್ಲೇ ಬರೆಯುತ್ತೇನೆ, ನಾನು ಸೇರಿಸಿದೆ ಎನ್ನಬೇಡಿ. "ನಲವತ್ತರದ್ದು ಹಾಕೋಣ. ಶಾಖದ ಮುಳ್ಳು ತಾನಾಗೇ ಇಳಿಯುತ್ತೆ. ಒತ್ತಡದ ಮುಳ್ಳೂ ಇಳಿದ್ರೆ ಬೇರಿಂಗ್ ಸವೆದಿದೆ ಅಂತ ಅರ್ಥ. ಮೇಸ್ತ್ರಿ ಹೂಂ ಅಂದ್ರೆ ನಾನೇ ಎರಡು ದಿನ ರಜ ಹಾಕಿ ಬಂದು ಬಿಚ್ತೀನಿ, ಅವರು ಕುರ್ಚಿ ಹಾಕ್ಕೊಂಡು ಬೈತಾ ಕೂತಿರಲಿ."

ಬೈಯುವುದು ನಿಮಗೂ ಇಷ್ಟವೇ. ಒಪ್ಪಿಕೊಳ್ಳಬಾರದೇ? ಶನಿವಾರ ಅವನು ಕಾರನ್ನು ಟ್ರೇಲರಿನಲ್ಲಿ ತಂದು ಬಿಡುತ್ತಾನೆ. ಆಗ ಮಾತಾಡಿ.

ಒತೀಲಿಯಾ

*

ವಿಲಾ ದ ಫ್ರಾಗಾ
30 ಮೇ 1993

ಮಗಳೇ,

ಯಾರೂ ಬಂದು ಬಿಚ್ಚಬೇಕಾಗಿಲ್ಲ. ನನ್ನ ಶೆಡ್ಡಿನಲ್ಲಿ ನನ್ನ ಸ್ಪ್ಯಾನರ್ ಸಾಕು.

ತೊಂದರೆ ಸಿಕ್ಕಿತು. ಆಯಿಲ್ ಕೂಲರಿನ ರೆಕ್ಕೆಗಳ ನಡುವೆ ಹೋದ ವರ್ಷದ ಧೂಳು, ಪೈನ್ ಮರದ ಸೂಜಿಗಳು, ಸತ್ತ ಹುಳ ಎಲ್ಲ ತುಂಬಿಕೊಂಡಿದ್ದವು. ತೊಳೆದು ಊದಿಸಿದೆ. ಆಯಿಲ್ ಅದೇ, ಅರವತ್ತರದ್ದು. ಮೊನ್ನೆ ನದಿ ರಸ್ತೆಯಲ್ಲಿ ನಾನೇ ಓಡಿಸಿ ನೋಡಿದೆ. ಮುಳ್ಳು ನೆಟ್ಟಗೆ ನಿಂತಿದೆ. ಇನ್ನು ಅದರ ಚಿಂತೆ ಬಿಟ್ಟು ರಸ್ತೆ ನೋಡು.

ಚೆರ‍್ರಿ ಹಣ್ಣಾಗಿದೆ. ಒಂದು ಬುಟ್ಟಿ ಟ್ರೇಲರಿನಲ್ಲಿ ಇಟ್ಟಿದ್ದೇನೆ. ಅರ್ಧ ಅವನಿಗೂ ಕೊಡು.

ಬೆಲ್ಮೀರೊ

*

ವಿಝೆವು
14 ಜೂನ್ 1993

ಅಪ್ಪಾ, ಅಪ್ಪಾ, ಅಪ್ಪಾ!

ಎರಡನೆಯ ಸ್ಥಾನ! ಮೊದಲನೆಯವನಿಗೂ ನನಗೂ ಅರ್ಧ ಸೆಕೆಂಡು ಕೂಡ ಅಂತರವಿಲ್ಲ. ಬಾಗಿಲು ತೆಗೆಯಿರಿ, ಫಿರ್ಮಿನೊನನ್ನು ಕರೆದು ಕೂರಿಸಿ ಹೇಳಿ.

ಮುಳ್ಳು ಬುಡದಿಂದ ತುದಿಯವರೆಗೆ ನೆಟ್ಟಗಿತ್ತು. ಒಮ್ಮೆ ನೋಡಿದೆ, ಮತ್ತೆ ಆ ಕಡೆ ಕಣ್ಣೇ ಹಾಕಲಿಲ್ಲ. ಸಂಜೆ ಸಂತ ಅಂತೋನಿಯ ಹಬ್ಬ, ಬೀದಿಯಲ್ಲೆಲ್ಲ ಸಾರ್ಡಿನ್ ಮೀನು ಸುಡುವ ಹೊಗೆ. ಕುಣಿದು ಕುಣಿದು ಕಾಲು ಬಿದ್ದುಹೋಯಿತು.

ಒಂದು ಬೇಜಾರು. ಸಿಲ್ವೇರಿಯೊ ಜತೆ ಜಗಳವಾಯಿತು. ಕಾರು ಕೆಳಗೆ ಬಂದ ತಕ್ಷಣ ಅವನು ಆಯಿಲ್ ಫಿಲ್ಟರಿಗೆ ಕೈಯಿಟ್ಟು ಸುಟ್ಟುಕೊಂಡ. "ಮುಳ್ಳು ಇಳಿದಿದೆ, ಬಿಸಿ ಇಳಿದಿಲ್ವಲ್ಲ" ಎಂದ. ಗೆದ್ದ ಖುಷಿಯಲ್ಲಿದ್ದೆ, ಸಿಟ್ಟು ಬಂತು. "ನಿನ್ನ ಕೈಗಿಂತ ನನ್ನಪ್ಪ ಕೂರಿಸಿದ ಮೀಟರ್ ಮೇಲೆ ನಂಗೆ ನಂಬಿಕೆ. ನೀನು ಅಲ್ಲಿಂದ ಬಿಟ್ಟು ಬಂದೋನು, ಇನ್ನೊಂದ್ಸಲ ಅವರ ಕೆಲಸದ ಬಗ್ಗೆ ಮಾತಾಡ್ಬೇಡ" ಎಂದುಬಿಟ್ಟೆ. ನಾಲ್ಕು ಜನರ ಮುಂದೆ. ಅವನು ಕೈ ಒರೆಸಿಕೊಂಡು ಟ್ರೇಲರಿನ ಕಡೆ ಹೋದ. ಸಂಜೆ ಕುಣಿದ, ಆದರೆ ನಗಲಿಲ್ಲ.

ನಿಮ್ಮ
ಒತೀಲಿಯಾ

*

ಆಸ್ಪತ್ರೆ, ವಿಝೆವು
29 ಜುಲೈ 1993

ಅಪ್ಪಾ,

ಹಾಸಿಗೆಯ ಮೇಲೆ ಮಲಗಿಯೇ ಬರೆಯುತ್ತಿದ್ದೇನೆ, ಅಕ್ಷರ ಓರೆ. ಎಡ ಮಂಡಿಗೆ ಎರಡನೆಯ ಆಪರೇಷನ್ ಆಯಿತು. ನಡೆಯಬಹುದು, ಪೂರ್ತಿ ಮಡಚಲು ಮಾತ್ರ ಆಗುವುದಿಲ್ಲ ಎಂದಿದ್ದಾರೆ ಡಾಕ್ಟರು. ಕ್ಲಚ್ ಒತ್ತುವ ಕಾಲು. ಅಲ್ಲಿಗೆ ಮುಗಿಯಿತು.

ನೀವು ಬಂದು ಕೂತಿದ್ದ ನಾಲ್ಕು ದಿನವೂ ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ರೇಸಿನ ಕಾಗದ ಬರೆಯಬೇಕಾದದ್ದು ನನ್ನ ಸರದಿ, ಬರೆಯುತ್ತೇನೆ.

ಗ್ರಾಲ್ಯಾ ಗುಡ್ಡ, ಜುಲೈ 18. ಮುಂದಿನ ಕಾರು ತಡೆಗೋಡೆಗೆ ಬಡಿದು ದಾರಿ ಕಟ್ಟಿತ್ತು. ಬಿಸಿಲಿನಲ್ಲಿ ಇಪ್ಪತ್ತು ನಿಮಿಷ ಇಂಜಿನ್ ಚಾಲೂ ಇಟ್ಟುಕೊಂಡು ಸಾಲಿನಲ್ಲಿ ನಿಂತೆವು. ಬಾವುಟ ಬಿತ್ತು, ಹೊರಟೆ. ಅರ್ಧ ದಾರಿಗೆ ಮುಳ್ಳು ಒಂದು ಗಂಟೆಗೆ ವಾಲಿತ್ತು. ಏಪ್ರಿಲಿನಲ್ಲಿ ವಾಲಿದಷ್ಟೇ. ನಿಮ್ಮ ಮಾತು ನೆನಪಾಯಿತು. ನೂರಮೂವತ್ತು, ಹೆದರಬೇಡ. ಈ ಸಲ ಕಾಲು ಕೂಡ ನಿಮ್ಮ ಮಾತು ಕೇಳಿತು. ಎತ್ತಲಿಲ್ಲ. ಮೂರು ತಿರುವು ದಾಟಿದ ಮೇಲೆ ಕೆಳಗಿನಿಂದ ಸುತ್ತಿಗೆಯಲ್ಲಿ ಹೊಡೆದಂಥ ಸದ್ದು, ಇಂಜಿನ್ ಹಿಡಿದುಕೊಂಡಿತು, ಹಿಂದಿನ ಚಕ್ರ ಕಟ್ಟಿಹಾಕಿದಂತಾಯಿತು. ಆಮೇಲೆ ಗೋಡೆ.

ಮೊನ್ನೆ ಸಿಲ್ವೇರಿಯೊ ಬಂದು ಕೂತು, ತಲೆ ಬಗ್ಗಿಸಿಕೊಂಡು ಒಂದು ವಿಷಯ ಹೇಳಿದ. ಅವತ್ತು ಬೆಳಿಗ್ಗೆ ಆಯಿಲ್ ಅರ್ಧ ಲೀಟರ್ ಕಡಮೆ ಇತ್ತಂತೆ. ಅರವತ್ತರ ಡಬ್ಬಿ ಖಾಲಿಯಾಗಿತ್ತು, ಅವನ ಬಳಿಯಿದ್ದ ನಲವತ್ತರದ್ದನ್ನು ಹಾಕಿದನಂತೆ. ನನಗೆ ಹೇಳಿದರೆ ಜಗಳವಾಗುತ್ತದೆಂದು ಹೇಳಲಿಲ್ಲವಂತೆ.

ಇಂಜಿನ್ ಈಗ ನಿಮ್ಮ ಶೆಡ್ಡಿನಲ್ಲಿದೆ. ನೀವು ಬಿಚ್ಚಿ ನೋಡಿದ್ದೀರಿ. ಅವನ ಆಯಿಲ್ಲಿನಿಂದ ಆಯಿತೇ? ಹೌದು, ಇಲ್ಲ, ಅಷ್ಟು ಬರೆದರೆ ಸಾಕು.

ಒತೀಲಿಯಾ

*

ವಿಲಾ ದ ಫ್ರಾಗಾ
3 ಆಗಸ್ಟ್ 1993

ಮಗಳೇ,

ಎರಡನೆಯ ಬೇರಿಂಗ್ ಸುಟ್ಟು ಕರಿಯಾಗಿದೆ. ದಪ್ಪ ಆಯಿಲ್ಲಿಗೆ ತೆಳುವನ್ನು ಬೆರೆಸಬಾರದು ಎಂದು ಈ ಶೆಡ್ಡಿನಲ್ಲಿ ಹದಿನಾಲ್ಕು ವರ್ಷ ಎಲ್ಲರಿಗೂ ಹೇಳಿಕೊಟ್ಟಿದ್ದೇನೆ. ಇದಕ್ಕಿಂತ ಹೆಚ್ಚು ಏನು ಬರೆಯಲಿ.

ನಿನ್ನನ್ನು ಬಿಡುವ ದಿನ ತಿಳಿಸು, ಕರೆದುಕೊಂಡು ಬರಲು ಬರುತ್ತೇನೆ. ಸಾರು ಮಾಡಲು ಎಲೆಕೋಸು ಬೆಳೆದು ನಿಂತಿದೆ.

ಬೆಲ್ಮೀರೊ

*

ವಿಝೆವು
1 ಸೆಪ್ಟೆಂಬರ್ 1993

ಮೇಸ್ತ್ರಿಗಳಿಗೆ, ಸಿಲ್ವೇರಿಯೊ ಮಾಡುವ ನಮಸ್ಕಾರಗಳು.

ಒತೀಲಿಯಾ ಮದುವೆ ಬೇಡವೆಂದು ಪಾದ್ರಿಗಳಿಗೆ ಹೇಳಿ ಕಳಿಸಿದಳು. ನಿಮ್ಮ ಕಾಗದವನ್ನು ನನಗೆ ಓದಿ ಹೇಳಿದಳು. ನಾನು ವಾದ ಮಾಡಲಿಲ್ಲ. ಇಂಜಿನ್ ಒಳಗಿನದನ್ನು ನೋಡಿದವರು ನೀವೊಬ್ಬರೇ.

ನಮ್ಮೂರಿನ ಕ್ಲಬ್ಬಿನಲ್ಲಿ ಎಲ್ಲರೂ ಕೇಳಿದ್ದಾರಂತೆ. ಅಮ್ಮನಿಗೆ ಬ್ರೆಡ್ಡಿನ ಅಂಗಡಿಯಲ್ಲೇ ಯಾರೋ "ನಿಮ್ಮ ಮಗ ಆ ಹುಡುಗಿ ಕಾಲು ಮುರಿದನಂತಲ್ಲ" ಎಂದರಂತೆ. ಡಿಪೋದಲ್ಲೂ ನಾನು ಕೂಡಿಸಿದ ಇಂಜಿನ್ನನ್ನು ಇನ್ನೊಬ್ಬರು ಬಂದು ತಡವಿ ನೋಡುತ್ತಾರೆ. 12ನೇ ತಾರೀಖು ನಮ್ಮೂರ ಚೌಕದಿಂದ ಲಕ್ಸೆಂಬರ್ಗಿನ ಬಸ್ಸು ಹತ್ತುತ್ತಿದ್ದೇನೆ. ಅಲ್ಲಿ ನನ್ನ ಚಿಕ್ಕಪ್ಪನ ಮಗ ಟೈಲ್ಸ್ ಹಾಕುವ ಕೆಲಸ ಕೊಡಿಸುತ್ತಾನಂತೆ.

ಒಂದೇ ಒಂದು ವಿಷಯ ನಿಮ್ಮನ್ನು ಕೇಳಬೇಕು. ಆರು ಲೀಟರ್ ಅರವತ್ತರದ್ದಕ್ಕೆ ಅರ್ಧ ಲೀಟರ್ ನಲವತ್ತರದ್ದು. ಎಷ್ಟು ಸಲ ಲೆಕ್ಕ ಹಾಕಿದರೂ ಅಷ್ಟಕ್ಕೆ ಬೇರಿಂಗ್ ಸುಡುವುದು ನನ್ನ ತಲೆಗೆ ಹತ್ತುತ್ತಿಲ್ಲ. ಹತ್ತದಿರುವುದು ನನ್ನ ದಡ್ಡತನವೂ ಇರಬಹುದು. ಜೂನಿನಲ್ಲೇ ಆಯಿಲ್ಲಿಗೆ ಥರ್ಮಾಮೀಟರ್ ಅದ್ದಿ ನೋಡಬೇಕು ಅನ್ನಿಸಿತ್ತು. ನಿಮ್ಮ ಕೈಯಿಂದ ಕೂರಿಸಿದ ಮೀಟರನ್ನು ನಾನು ಪರೀಕ್ಷೆ ಮಾಡುವುದೇ ಎಂದು ಬಿಟ್ಟೆ. ಅದು ತಪ್ಪಾದರೆ ಆ ತಪ್ಪು ನನ್ನದೇ.

ನನ್ನ ಕೈಯಿಂದಲೇ ಆಯಿತು ಎಂದು ನೀವು ಒಂದು ಸಾಲು ಬರೆದರೆ, ಮತ್ತೆ ಜನ್ಮದಲ್ಲಿ ಇಂಜಿನ್ ಮುಟ್ಟುವುದಿಲ್ಲ. ಅಲ್ಲ ಎಂದಾದರೆ ಅದನ್ನೂ ಬರೆಯಿರಿ. ಎರಡರಲ್ಲಿ ಯಾವುದನ್ನಾದರೂ ತಡೆದುಕೊಳ್ಳಬಲ್ಲೆ, ಗೊತ್ತಿಲ್ಲದೆ ಇರುವುದು ಆಗುತ್ತಿಲ್ಲ.

ನಿಮ್ಮ ಬಳಿ ಕೆಲಸ ಕಲಿತವನು,
ಸಿಲ್ವೇರಿಯೊ

*

ವಿಲಾ ದ ಫ್ರಾಗಾ
14 ಸೆಪ್ಟೆಂಬರ್ 1993

ಒತೀಲಿಯಾ,

ಇದನ್ನು ಕೂತುಕೊಂಡು ಓದು.

ಚಳಿಗಾಲದಲ್ಲಿ ನಾನು ಇಂಜಿನ್ ಬಿಚ್ಚಲಿಲ್ಲ. ಬಿಚ್ಚಿದೆನೆಂದು ನಿನಗೆ ಬರೆದದ್ದು ಸುಳ್ಳು. ಬೇರಿಂಗಿನ ಸಂದು ಅಳೆಯುವುದೆಂದರೆ ಕೂದಲೆಳೆಯ ಲೆಕ್ಕ. ಎರಡು ವರ್ಷದಿಂದ ನನ್ನ ಕಣ್ಣಿಗೆ ಆ ಗೆರೆಗಳು ಕಾಣುವುದಿಲ್ಲ. ಬಲಗೈ ನಡುಗುತ್ತದೆ. ಕಾಫಿ ಕುಡಿಯುವಾಗ ನೀನು ಅದನ್ನು ಗಮನಿಸಬಾರದೆಂದು ಎಡಗೈಯಲ್ಲಿ ಲೋಟ ಹಿಡಿಯುತ್ತೇನೆ. ಸಿಲ್ವೇರಿಯೊನನ್ನು ಕರೆಯಬಹುದಿತ್ತು. ಬಿಟ್ಟು ಹೋದವನ ಮುಂದೆ ನನ್ನ ಕೈಲಾಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

ಬೇರಿಂಗ್ ಸವೆದಿತ್ತು, ಒತ್ತಡ ಇಳಿಯುತ್ತಿತ್ತು. ಅದಕ್ಕೆ ದಪ್ಪ ಆಯಿಲ್ ಹೊಯ್ದೆ. ಒತ್ತಡದ ಮುಳ್ಳು ಎದ್ದು ನಿಂತಿತು, ಶಾಖದ ಮುಳ್ಳು ವಾಲಿತು. ನೀನು ಹೆದರಿದೆ, ಸೋತೆ, ಬಿಟ್ಟುಬಿಡುತ್ತೇನೆ ಎಂದೆ. ಅವನು ಬಂದು ಬಿಚ್ಚುತ್ತೇನೆ ಎಂದ. ಬಿಚ್ಚಿದ್ದರೆ ಐದೇ ನಿಮಿಷಕ್ಕೆ ಅವನಿಗೆ ತಿಳಿಯುತ್ತಿತ್ತು, ಆ ಇಂಜಿನ್ನನ್ನು ಯಾರೂ ಮುಟ್ಟಿಲ್ಲವೆಂದು.

ಕೂಲರಿನಲ್ಲಿ ಕಸವೇನೂ ಇರಲಿಲ್ಲ. ಮೀಟರಿನ ಹಿಂದಿನ ಎರಡು ನಟ್ ಸಡಿಲಿಸಿ, ಮೀಟರನ್ನೇ ಎಡಕ್ಕೆ ತಿರುಗಿಸಿದೆ, ನೂರಮೂವತ್ತಕ್ಕೆ ಮುಳ್ಳು ನೆಟ್ಟಗೆ ನಿಲ್ಲುವ ಹಾಗೆ. ನೂರಮೂವತ್ತು ಅಪಾಯವಲ್ಲ, ಮಗಳು ಸುಮ್ಮನೆ ಹೆದರುತ್ತಾಳೆ, ಅವಳ ಹೆದರಿಕೆ ತೆಗೆದರೆ ಸಾಕು ಎಂದುಕೊಂಡೆ. ನಾನು ಹಾಗೆಂದು ನಿಜವಾಗಿ ನಂಬಿದ್ದೆ, ಅದನ್ನಾದರೂ ನಂಬು. ಒಂದು ಗಂಟೆಗೆ ವಾಲಿದರೆ ಹೆದರಬೇಡ ಎಂದು ಮೊದಲೇ ಬರೆದಿದ್ದನ್ನು ಮರೆತೇಬಿಟ್ಟಿದ್ದೆ. ಗ್ರಾಲ್ಯಾದಲ್ಲಿ ನೀನು ನೋಡಿದ ಒಂದು ಗಂಟೆ ನೂರೈವತ್ತು ಡಿಗ್ರಿ, ಒತೀಲಿಯಾ.

ಆಗಸ್ಟಿನಲ್ಲಿ ನೀನು ಹೌದೋ ಇಲ್ಲವೋ ಎಂದು ಕೇಳಿದೆ. ನಾನು ಎರಡನ್ನೂ ಬರೆಯಲಿಲ್ಲ. ಎಲ್ಲರಿಗೂ ಹೇಳಿಕೊಟ್ಟಿದ್ದೇನೆ ಎಂದು ಬರೆದೆ. ನೀನು ಅದನ್ನು ಹೌದು ಎಂದು ಓದುತ್ತೀಯೆಂದು ಗೊತ್ತಿದ್ದೇ ಬರೆದೆ.

ಅವನ ಕಾಗದ ಬಂದು ಹನ್ನೊಂದು ದಿನ ಮೇಜಿನ ಮೇಲಿತ್ತು. ಮೊನ್ನೆ ಬಸ್ಸು ಹೊರಡುವ ಹೊತ್ತಿಗೆ ಚೌಕಕ್ಕೆ ಹೋದೆ, ಹೇಳಿಯೇಬಿಡೋಣವೆಂದು. ಕ್ಷೌರದಂಗಡಿಯ ಬಾಗಿಲವರೆಗೆ ಹೋದವನು ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಅವನು ಅಮ್ಮನ ಕೆನ್ನೆಗೆ ಮುತ್ತು ಕೊಟ್ಟು ಹತ್ತಿ ಕೂತ. ಬಸ್ಸು ಹೋಯಿತು. ಕ್ಷೌರದವನು "ಕೂತ್ಕೊಳ್ಳಿ ಬೆಲ್ಮೀರೊ, ಗಡ್ಡಾನಾ, ಕೂದಲಾ?" ಎಂದು ಕೇಳಿದ. ಕೂತು ಗಡ್ಡ ಮಾಡಿಸಿಕೊಂಡು ಬಂದೆ. ನಾನು ಎಂಥವನೆಂದು ನಿನಗೆ ತಿಳಿಯಲಿ ಎಂದು ಇದನ್ನೂ ಬರೆಯುತ್ತಿದ್ದೇನೆ.

ಏನು ಎಂದು ಸಹಿ ಹಾಕಬೇಕೋ ತಿಳಿಯುತ್ತಿಲ್ಲ.

ಬೆಲ್ಮೀರೊ

*

ವಿಝೆವು
9 ಅಕ್ಟೋಬರ್ 1993

ಅಪ್ಪಾ,

ಮೂರು ವಾರ ನಿಮಗೆ ಬರೆಯಲಿಲ್ಲ. ಬರೆದವನ್ನೆಲ್ಲ ಹರಿದೆ. ಅವುಗಳಲ್ಲಿದ್ದ ಮಾತುಗಳನ್ನು ನೀವು ಓದದಿದ್ದದ್ದೇ ಒಳ್ಳೆಯದು.

ಕಣ್ಣು ಕಾಣುವುದಿಲ್ಲ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ನಾನು ನಗುತ್ತಿದ್ದೆನೇ? ಅವನು ನಗುತ್ತಿದ್ದನೇ?

ನಿಮ್ಮ ಕಾಗದವನ್ನು ಸಿಲ್ವೇರಿಯೊಗೆ ಕಳಿಸಿದೆ. ನಿಮ್ಮನ್ನು ಕೇಳದೆ ಕಳಿಸಿದೆ. ಅವನ ಉತ್ತರ ಬಂತು. ನಿಮ್ಮ ಮೇಲೆ ಒಂದು ಕೆಟ್ಟ ಮಾತಿಲ್ಲ. "ಮೇಸ್ತ್ರಿ ಇದನ್ನು ಜುಲೈನಲ್ಲೇ ನನಗೆ ಹೇಳಿದ್ದರೆ ಯಾರಿಗೂ ಹೇಳದೆ ಮುಚ್ಚಿಡುತ್ತಿದ್ದೆ" ಎಂದು ಬರೆದಿದ್ದಾನೆ. ಅದನ್ನು ಓದಿದ ಮೇಲೆ ನಿಮ್ಮ ಮೇಲಿನ ಸಿಟ್ಟು ನನ್ನ ಕಡೆಗೇ ತಿರುಗಿತು. ನೀವು ಹೌದು ಎನ್ನಲಿಲ್ಲ, ನಿಜ. ನಾನು ಅವನನ್ನು ಎರಡನೆಯ ಸಲ ಕೇಳಲೇ ಇಲ್ಲ. ಅವನು ಮಂಚದ ಪಕ್ಕ ತಲೆ ಬಗ್ಗಿಸಿ ಕೂತಿದ್ದಾಗ ನಾನು ಗೋಡೆಯ ಕಡೆ ಹೊರಳಿ ಮಲಗಿದೆ.

ಗುರುವಾರ 21ಕ್ಕೆ ನಾನೂ ಲಕ್ಸೆಂಬರ್ಗಿನ ಬಸ್ಸು ಹತ್ತುತ್ತೇನೆ. ಶನಿವಾರ ತಲುಪುತ್ತದೆ. ಬಾ ಎಂದು ಅವನು ಬರೆದಿಲ್ಲ, ಬೇಡ ಎಂದೂ ಬರೆದಿಲ್ಲ. ಬಸ್ಸಿನ ಹೊತ್ತು ಮಾತ್ರ ಬರೆದಿದ್ದಾನೆ. ನೀವು ಕಳಿಸಲು ಬರಬೇಡಿ. ಈಗ ನಿಮ್ಮ ಮುಖ ನೋಡಲು ನನ್ನಿಂದಾಗುವುದಿಲ್ಲ. ಯಾವಾಗ ಆಗುತ್ತದೆ ಎಂದೂ ಗೊತ್ತಿಲ್ಲ.

ಒಂದು ಕೆಲಸ ಮಾಡಿ. ನನಗೆ ಬರೆದದ್ದು ಸಾಲದು. ಪ್ರಶ್ನೆ ಕೇಳಿದವನು ಅವನು.

ಒತೀಲಿಯಾ

*

ವಿಲಾ ದ ಫ್ರಾಗಾ
17 ಅಕ್ಟೋಬರ್ 1993

ಸಿಲ್ವೇರಿಯೊ,

ನೀನು ಕೇಳಿದ್ದಕ್ಕೆ ಉತ್ತರ: ಅಲ್ಲ. ನಿನ್ನ ಕೈಯಿಂದ ಆದದ್ದಲ್ಲ. ನಿನ್ನ ಅರ್ಧ ಲೀಟರಿಗೂ ಸುಟ್ಟ ಬೇರಿಂಗಿಗೂ ಸಂಬಂಧವಿಲ್ಲ. ಇಂಜಿನ್ ನೋಡದೆ ಬಿಟ್ಟವನು ನಾನು, ದಪ್ಪ ಆಯಿಲ್ ಹೊಯ್ದು ಮುಚ್ಚಿದವನು ನಾನು, ಮೀಟರ್ ತಿರುಗಿಸಿದವನು ನಾನು. ನೀನು ಜೂನಿನಲ್ಲಿ ಕೈಸುಟ್ಟುಕೊಂಡು ಹೇಳಿದ್ದೇ ಸರಿಯಿತ್ತು.

ಇದೇ ಮಾತನ್ನು ಇನ್ನೊಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು, ಇವತ್ತು ಪೂಜೆ ಮುಗಿದ ಮೇಲೆ ಕ್ಲಬ್ಬಿನ ಬಾಗಿಲಿಗೆ ಅಂಟಿಸಿದೆ. ಅಂಟಿಸಿ ಓಡಿಹೋಗಲಿಲ್ಲ, ಪಕ್ಕದಲ್ಲೇ ನಿಂತೆ. ಎಲ್ಲರೂ ಓದಿದರು. ಫಿರ್ಮಿನೊ ಎರಡು ಸಲ ಓದಿ, "ಬೆಲ್ಮೀರೊ, ಕಿತ್ತುಹಾಕ್ಲಾ?" ಎಂದು ಮೆಲ್ಲಗೆ ಕೇಳಿದ. ಬೇಡ ಎಂದೆ. ನಿನ್ನ ಅಮ್ಮನೂ ಬಂದರು. ಓದಲು ಬಾರದಲ್ಲ ಅವರಿಗೆ, ನಾನೇ ಓದಿ ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡು ಹೊರಟುಹೋದರು.

ಇಂಜಿನ್ ಮುಟ್ಟುವುದನ್ನು ಬಿಡಬೇಡ. ಕ್ಷಮಿಸು ಎಂದು ಬರೆಯಬೇಕು, ಬರೆದಿದ್ದೇನೆ, ಉತ್ತರ ಕೇಳುವುದಿಲ್ಲ.

ಒತೀಲಿಯಾ ಶನಿವಾರ ಬರುತ್ತಾಳೆ. ಅವಳ ಎಡ ಮಂಡಿ ಮಡಚುವುದಿಲ್ಲ. ಆ ಬಸ್ಸಿನ ಮೆಟ್ಟಿಲು ಎತ್ತರ, ಇಳಿಯಲು ಹೊತ್ತು ಹಿಡಿಯುತ್ತದೆ. ಅವಸರ ಮಾಡಬೇಡ, ರೇಗುತ್ತಾಳೆ. ನೀನಾಗಿ ಕೈ ಕೊಡಬೇಡ, ಅದಕ್ಕೂ ರೇಗುತ್ತಾಳೆ. ಹತ್ತಿರ ನಿಂತಿರು, ಬೇಕಾದರೆ ಅವಳೇ ಹಿಡಿಯುತ್ತಾಳೆ. ಆಸ್ಪತ್ರೆಯಿಂದ ಬಿಟ್ಟ ದಿನ ಮೆಟ್ಟಿಲುಗಳನ್ನೆಲ್ಲ ನನ್ನ ಕೈ ಹಿಡಿದೇ ಇಳಿದಳು. ಆಗ ಅವಳಿಗೆ ಗೊತ್ತಿರಲಿಲ್ಲ.

ಬೆಲ್ಮೀರೊ